ಐದು ನಿಮಿಷದ ಬೋಟು

ಅಣ್ಣನ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟುತ್ತಿದ್ದ ಈಶ್ವರ, ಗಂಟು ಬಿಗಿಯಾಯಿತೇನೋ ಎಂದು ಬಿಚ್ಚಿ ಮತ್ತೆ ಸಡಿಲವಾಗಿ ಕಟ್ಟಿದ. ರುದ್ರವ್ವ ಗಂಡನ ಪಾದಗಳನ್ನೇ ನೋಡುತ್ತ ಕುಳಿತಿದ್ದಳು. ಸ್ನಾನ ಮಾಡಿಸಿದ ಮೇಲೂ ಬೆರಳ ಸಂದಿಯಲ್ಲಿ ಒಂದಿಷ್ಟು ಮರಳು ಉಳಿದಿತ್ತು.

"ಅರವತ್ತೆಂಟಕ್ಕ ತಿರುಗೋ ಹುಚ್ಚು ಯಾಕ ಬೇಕಿತ್ತು? ಮನ್ಯಾಗ ಕುಂತಿದ್ರ ಇನ್ನಾ ಹತ್ತು ವರ್ಷ ಇರ್ತಿದ್ದ," ಎಂದಳು ಪಕ್ಕದ ಖೋಲಿಯ ಸೋಮವ್ವ.

ಬಾಗಿಲಲ್ಲಿ ಅಪರಿಚಿತನೊಬ್ಬ ಚಪ್ಪಲಿ ಬಿಟ್ಟು ಒಳಬಂದ.

"ನಾನು ಅಣ್ಣು. ವರ್ಸೋವಾದ ಆಚೆ, ಬೋಟು ನಿಲ್ಲುವ ಮಡ್ ಜೆಟ್ಟಿಯಲ್ಲಿ ಚಹಾದಂಗಡಿ. ನಿನ್ನೆ ನನ್ನ ಬೆಂಚಿನ ಮೇಲೆಯೇ ಅವರು..." ಅವನು ರುದ್ರವ್ವನ ಎದುರು ಕುಳಿತ. "ಒಬ್ಬರೇ ಇರ್ಲಿಲ್ಲ ಅಕ್ಕ. ನಾನು ಕೈ ಹಿಡ್ಕೊಂಡಿದ್ದೆ. ಅದು ಹೇಳ್ಲಿಕ್ಕೇ ಬಂದದ್ದು."

"ಅಲ್ಲಿ ಏನ್ ಮಾಡ್ತಿದ್ರು?" ಎಂದಳು ರುದ್ರವ್ವ.

"ಎಂತ ಮಾಡುವುದು? ನೀರು ನೋಡ್ತಾ ಕೂರುವುದು. ಎರಡು ಚಹಾ ಹೇಳ್ತಿದ್ರು. ಇನ್ನೊಂದು ಯಾರಿಗೆ ಅಂದ್ರೆ, ‘ಹೆಂಡ್ತಿ ಮುಂದಿನ ಬೋಟಿಗೆ ಬರ್ತಾಳ’ ಅಂತ ನಗ್ತಿದ್ರು. ತಣ್ಣಗಾದ ಮೇಲೆ ಅದನ್ನೂ ಅವರೇ ಕುಡಿಯುವುದು."

ರುದ್ರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ರುದ್ರವ್ವನ ಗಂಡ ಬಸವಂತರಾಯ ಬಾಂದ್ರಾದ ಆಫೀಸೊಂದರಲ್ಲಿ ಲಿಫ್ಟ್‌ಮನ್ ಆಗಿದ್ದ. ಮೂವತ್ನಾಲ್ಕು ವರ್ಷ ಒಂಬತ್ತು ಮಹಡಿ ಹತ್ತಿಳಿದು, ರಿಟೈರಾದ ಮೇಲೆ ಎರಡು ವರ್ಷ ಟಿವಿಯ ಮುಂದೆ ಕುಳಿತ. ಒಂದು ಗುರುವಾರ ಟಿವಿ ಕೆಟ್ಟಿತು. ರಿಪೇರಿಯವನನ್ನು ಕರೆತರಲು ಹೋದವನು ಸಂಜೆಗೆ ಬಂದ. ಪ್ಯಾಂಟು ಮೊಣಕಾಲತನಕ ಒದ್ದೆ.

"ರುದ್ರಿ, ಇಲ್ಲಿಂದ ಮೆಟ್ರೋ, ವರ್ಸೋವಾದಿಂದ ಬೋಟು. ಐದೇ ಮಿನಿಟ್. ಆಚೀಗೆ ಬ್ಯಾರೇ ಊರೇ ಅದ! ನಾಳಿ ಇಬ್ಬರೂ ಹೋಗಮು."

"ನಾಳಿ ಗ್ಯಾಸಿನವ ಬರ್ತಾನ."

ಆಮೇಲೆ ಮೊಣಕಾಲು ನೋವು, ಮಳೆ, ಸಂಕ್ರಾಂತಿ. ಹೀಗೇ ಆರು ವರ್ಷ. ಒಮ್ಮೆ ಹಸಿರು ಸೀರೆಯುಟ್ಟು ಮೆಟ್ರೋ ಸ್ಟೇಷನ್ನಿನತನಕ ಹೋದಳು. ಎಸ್ಕಲೇಟರ್ ಕಂಡು ಕಾಲು ಹಿಂದೆ ತೆಗೆದಳು. "ಮುಂದಿನ ವಾರ ನೋಡಮು," ಎಂದಳು. ಅವನು ಬಯ್ಯಲಿಲ್ಲ. ಅವಳನ್ನು ಮನೆತನಕ ಬಿಟ್ಟು, ಫ್ಯಾನು ಹಾಕಿ, ಒಬ್ಬನೇ ಹೋದ.

*

ಚಟ್ಟ ಎತ್ತಿದರು. ರುದ್ರವ್ವ ಚಪ್ಪಲಿ ಮೆಟ್ಟಿಕೊಂಡಳು.

"ವೈನಿ, ನೀವೆಲ್ಲಿಗಿ?" ಎಂದ ಈಶ್ವರ.

"ಅವ್ರ ಸಂಗಾಟ."

"ನಮ್ಮಲ್ಲಿ ಹೆಂಗಸರು ಮಸಣಕ್ಕ ಬರಂಗಿಲ್ಲ. ಮಂದಿ ಏನಂತಾರ?"

"ಅಂದ್ಕೊಳ್ಳಲಿ. ಇವತ್ತ ಹೋಗಲಿಲ್ಲ ಅಂದ್ರ ಮುಂದಿನ ವಾರ ಇಲ್ಲೋ, ಈಶ್ವರ."

ಸೋಮವ್ವನೇ ಎದ್ದು ಬಂದು ಅವಳ ಮೊಣಕೈ ಹಿಡಿದು, ಚಾಳಿನ ಕಡಿದಾದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಸಿದಳು. ವ್ಯಾನಿನಲ್ಲಿ ಅಣ್ಣು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟ.

ವ್ಯಾನು ಅಂಧೇರಿಯ ಸೇತುವೆ ಏರಿತು. ಕೆಳಗೆ ಹಳಿಗಳು ಬಿಸಿಲಿಗೆ ಹೊಳೆಯುತ್ತ ದೂರದವರೆಗೆ ಹರಡಿದ್ದವು. ಎರಡು ಲೋಕಲ್ ರೈಲುಗಳು ಒಂದನ್ನೊಂದು ದಾಟಿದವು. ಆಚೆ ಬಿಲ್ಡಿಂಗುಗಳ ನಡುವೆ ಅಷ್ಟು ದೊಡ್ಡ ಆಕಾಶ. ರುದ್ರವ್ವ ಬಗ್ಗಿ, ಬಿಳಿ ಬಟ್ಟೆ ಹೊದ್ದ ಗಂಡನ ಕಿವಿಯ ಬಳಿ ಕೇಳಿದಳು:

"ಏನ್ರೀ, ಇದ್ಯಾವ ಜಾಗ?"

ಡ್ರೈವರ್ ಕನ್ನಡಿಯಲ್ಲಿ ಅವಳನ್ನು ನೋಡಿದ. ವ್ಯಾನಿನ ವೇಗ ತಗ್ಗಿತು. ಹಿಂದೆ ಹಾರ್ನುಗಳು ಒದರತೊಡಗಿದವು. ಅವನು ಕೈಯನ್ನು ಕಿಟಕಿಯಿಂದ ಹೊರಚಾಚಿ, ಮುಂದೆ ಹೋಗಿ, ಮುಂದೆ ಹೋಗಿ ಎಂದು ಎಲ್ಲರಿಗೂ ಸನ್ನೆ ಮಾಡುತ್ತಲೇ ಇದ್ದ.