ಮೇಜಿನ ತುದಿಯ ಕುರ್ಚಿ

ನಮ್ಮೂರು ಟೊಲೀಡೊದ ಕೋರ್ಟಿನವರು ನಮ್ಮ ಎಂಟು ಜನರನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಿದರು. ಎಲ್ಲರೂ ಒಂದೇ ಮಾತಿಗೆ ಬರುವವರೆಗೆ ತೀರ್ಪಿಲ್ಲ. ಕೇಸು ಕೇಳಿ ತೀರ್ಪು ಹೇಳಲು ಕರೆಸಿದ ಊರಿನ ಸಾಮಾನ್ಯ ಜನ, ಜ್ಯೂರಿ ಅಂದರೆ ಅಷ್ಟೇ. ನಾನು ಶಾಲೆಯ ಬಸ್ಸು ಓಡಿಸುವವಳು, ಗಲಾಟೆ ನನಗೆ ಹೊಸದಲ್ಲ. ಮಕ್ಕಳಾದರೆ ಗದರಬಹುದು, ಇವರನ್ನೇನು ಮಾಡುವುದು!

ಮೊದಲು ಮುಖಂಡರ ಆಯ್ಕೆ. "ನಾನು ಎರಡು ಸಲ ಜ್ಯೂರಿ ನಡೆಸಿದೀನಿ, ಬೇಕಾದ್ರೆ ಮಾಡ್ತೀನಿ" ಎಂದರು ಮಿಸ್ ಓಪಲ್. ನನ್ನ ಹಾಗೇ ಕಪ್ಪು ಹೆಂಗಸು, ಹೆಡ್ ನರ್ಸ್ ಆಗಿ ನಿವೃತ್ತರಾದವರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಜಿನ ತುದಿಯಲ್ಲಿ ಗಸ್ ಲಿಂಡ್‌ಕ್ವಿಸ್ಟ್ ಕೂತಿದ್ದರು. ವಿಮೆ ಮಾರುವ ಬಿಳಿಯ, ಎತ್ತರದ ಆಳು, ಗಡಸು ದನಿ. "ನೀವೇ ಆಗ್ಬಿಡಿ" ಎಂದರು ಯಾರೋ. ಎಲ್ಲರ ಕೈಯೂ ಮೇಲೆ ಹೋಯಿತು, ನನ್ನದೂ. ಯಾರಿಗೆ ಯಾವ ಸ್ಯಾಂಡ್‌ವಿಚ್ ಬೇಕೆಂದು ಕೇಳುವ ಕೆಲಸ ಮಿಸ್ ಓಪಲ್ ತಲೆಗೆ ಬಿತ್ತು.

ಕೇಸು ನಡೀನ್ ಬ್ರಾಕ್ಸ್‌ಟನ್‌ಳದು. ಬಿಸ್ಕತ್ತು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ ಖಾಲಿಯಾದಾಗ, ಅವಳೇ ಕೆಲಸ ಕಲಿಸಿದ್ದ ಬಿಳಿಯನೊಬ್ಬನಿಗೆ ಅದು ಸಿಕ್ಕಿತ್ತು. ಕಪ್ಪು ಹೆಂಗಸು ಎಂದೇ ತನ್ನನ್ನು ಬಿಟ್ಟರೆಂಬುದು ಅವಳ ದೂರು. "ಅವನಲ್ಲಿ ಮುಂದಾಳಿನ ಕಳೆ ಇತ್ತು" ಎಂದು ಸಾಕ್ಷಿ ಹೇಳಿದ್ದ ಕಾರ್ಖಾನೆಯ ಮ್ಯಾನೇಜರ್. ಅವಳಿಗಿಂತ ಅವನೇ ಯಾಕೆಂದು ನಡೀನ್‌ಳ ವಕೀಲೆ ಕೆದಕಿದಾಗ ತಡವರಿಸಿದ್ದ. ನಾವು ಒಲ್ಲೆವೆಂದರೆ ಅವಳು ಬರಿಗೈಯಲ್ಲಿ ಮನೆಗೆ ಹೋಗಬೇಕು.

ಊಟದ ಹೊತ್ತಿಗೆ ಏಳು ಜನ ಅವಳ ಕಡೆ. ಗಸ್ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಆ ಮ್ಯಾನೇಜರ್ ಒಂದು ಕೆಟ್ಟ ಮಾತಾಡಿದ್ನಾ? ಬಣ್ಣದ ಸುದ್ದಿ ಎತ್ತಿದ್ನಾ? ಇಲ್ವಲ್ಲ! ಅವನ ಮನಸ್ಸಿನೊಳಗೆ ಇಣುಕಿ ನೋಡೋಕಾಗುತ್ತಾ?"

ನನಗೆ ಪಿತ್ತ ನೆತ್ತಿಗೇರಿತು. "ರೀ ಗಸ್, ನಿಮ್ಮನ್ನ ಯಾಕ್ರೀ ನಾವು ಮುಖಂಡ ಮಾಡಿದ್ದು?"

"ಯಾಕಂದ್ರೆ... ಈ ಕುರ್ಚೀಲಿ ಕೂತಿದ್ದೆ."

"ಹಿಂದೆ ಜ್ಯೂರಿಗೆ ಬಂದಿದ್ರಾ?"

"ಇದೇ ಮೊದಲು."

"ಮಿಸ್ ಓಪಲ್ ಎರಡು ಸಲ ನಡೆಸಿದಾರೆ. ಬಾಯ್ಬಿಟ್ಟು ಹೇಳಿದ್ರು. ಅವರಿಗೆ ಸ್ಯಾಂಡ್‌ವಿಚ್ ಖಾತೆ ಕೊಟ್ವಿ! ಇಲ್ಲಿ ಯಾರಾದ್ರೂ ಕೆಟ್ಟ ಮಾತಾಡಿದ್ರಾ?"

ಮಿಸ್ ಓಪಲ್ ಬ್ರೆಡ್ಡಿಗೆ ಸಾಸಿವೆ ಹಚ್ಚುತ್ತ, "ನನ್ನನ್ಯಾಕೆ ಎಳೀತೀಯೆ ತಾಯಿ? ಟರ್ಕಿ ಕೋಳಿ ಕೇಳ್ದೋರಿಗೆ ಟರ್ಕೀನೇ ಬಂತಲ್ಲ, ಅಷ್ಟಕ್ಕಾದ್ರೂ ನನ್ನನ್ನ ನಂಬಿದ್ರಲ್ಲ!" ಎಂದರು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು.

ಗಸ್ ನಗಲಿಲ್ಲ. ಕಿವಿ ಕೆಂಪಾಗಿದ್ದವು. "ನಾನೇನು ಕೆಟ್ಟೋನಲ್ಲಮ್ಮ."

"ಅಲ್ಲ, ಗೊತ್ತು. ನಾನೂ ನಿಮಗೇ ಕೈ ಎತ್ತಿದ್ದು. ಅವರಿಗಿಂತ ನೀವೇ ಯಾಕೆ, ಒಂದೇ ಒಂದು ಕಾರಣ ಹೇಳಿ."

"ಯಾಕಂದ್ರೆ... ನಾನು..." ಎಂದು ಗಸ್ ತಡವರಿಸಿದರು. ಪಾಪ, ಆಮೇಲೆ ಮೆಲ್ಲಗೆ, "ಆ ಮ್ಯಾನೇಜರೂ ಹೀಗೇ ಒದ್ದಾಡಿದ್ದ, ಅಲ್ವಾ?" ಎಂದರು. "ಕಳೆಯಂತೆ ಕಳೆ! ನನ್ನ ಮತಾನೂ ನಡೀನ್‌ಗೇ ಹಾಕ್ಕೊಳ್ಳಿ. ಮಿಸ್ ಓಪಲ್, ಮುಂದಿಂದು ನೀವು ನಡೆಸಿ."

ಸಂಜೆ ಕೋರ್ಟಿನಲ್ಲಿ ನ್ಯಾಯಾಧೀಶರು, "ಮುಖಂಡರು ಎದ್ದು ನಿಲ್ಲಿ" ಎನ್ನುತ್ತ ನೇರ ಗಸ್ ಮುಖವನ್ನೇ ನೋಡಿದರು.

"ನಾನಲ್ಲ ಸ್ವಾಮಿ" ಎಂದರು ಗಸ್. "ಅವರು."