ಕದಡಿದ ಹನ್ನೊಂದು ಹೆಬ್ಬೆಟ್ಟು

ಜೀತದಿಂದ ಬಿಡುಗಡೆಯಾದವರ ಕಥೆ ಹೇಳುವ ಪ್ರದರ್ಶನದ ಬಸ್ಸು ರಾಯಚೂರಿನಿಂದ ಹೊರಟು ಜಾಲಹಳ್ಳಿಯಲ್ಲಿ ನಿಂತಿತ್ತು. ಒಳಗಿನ ಪ್ರತಿ ವಸ್ತುವಿನ ಕೆಳಗೂ ವಿವರದ ಚೀಟಿ ಬರೆದವಳು ಯಾಸ್ಮೀನ್. ರಸಾಯನಶಾಸ್ತ್ರ ಓದಿದವಳು, ಆಧಾರವಿಲ್ಲದೆ ಒಂದು ಪದವನ್ನೂ ಬರೆಯುವುದಿಲ್ಲ ಎಂಬ ಹೆಮ್ಮೆ ಅವಳಿಗಿತ್ತು.

ಗಾಜಿನ ಪೆಟ್ಟಿಗೆಯಲ್ಲಿ ನಲವತ್ತು ವರ್ಷ ಹಳೆಯ ಅರ್ಜಿಯೊಂದಿತ್ತು. ಜಮೀನ್ದಾರನ ಬಳಿ ಜೀತಕ್ಕಿದ್ದ ಹನ್ನೊಂದು ಮನೆಯವರು ತಮ್ಮನ್ನು ಬಿಡಿಸಿರೆಂದು ತಹಶೀಲ್ದಾರರಿಗೆ ಬರೆಸಿದ್ದು. ಕೆಳಗೆ ಹನ್ನೊಂದು ಹೆಬ್ಬೆಟ್ಟು. 'ಹನ್ನೊಂದು ಮನೆಯ ಹೆಂಗಸರು' ಎಂದಷ್ಟೇ ಇತ್ತು, ಹೆಸರಿರಲಿಲ್ಲ; ಎಲ್ಲವೂ ಕದಡಿದವು. 'ಭಯಕ್ಕೆ ನಡುಗಿದ ಕೈಗಳು. ಅರ್ಜಿ ಬರೆದವರು ತಿಳಿದಿಲ್ಲ' ಎಂದಿತ್ತು ಚೀಟಿ.

ಅಯ್ಯಮ್ಮ ಎಂಬ ಮುದುಕಿ ಅದನ್ನು ಯಾಸ್ಮೀನಳಿಂದಲೇ ಓದಿಸಿ ಕೇಳಿದಳು. ಮೂರನೆಯ ಹೆಬ್ಬೆಟ್ಟು ಅವಳದು.

"ಯಾರ ಕೈ ನಡುಗಿತ್ತವ್ವ? ನಂದಂತೂ ನಡುಗಿಲ್ಲ. ಬರದಾಂವ ಬಳಿಗಾರ ಮಹಮ್ಮದ್ ಹುಸೇನಣ್ಣ. ಅಂವನ ಹೆಸರು ಹಾಕು."

ಜೀತದವರ ಗುಡಿಸಲ ಕಡೆ ಹೊರಗಿನವರು ಸುಳಿಯದಂತೆ ಕಾವಲಿತ್ತಂತೆ. ಆದರೆ ಬಳೆಗಾರ ಹೆಂಗಸರ ಕೈ ಹಿಡಿದು ಕೂತರೆ ಯಾರು ಏನು ಕೇಳಿಯಾರು? ಬಳೆ ಏರಿಸುತ್ತಲೇ ಅರ್ಜಿಯನ್ನು ಮೆಲ್ಲಗೆ ಓದಿ ಹೇಳಿದ್ದ. ಬಳೆ ಪೆಟ್ಟಿಗೆಯ ತಳದಲ್ಲಿಟ್ಟು ದೇವದುರ್ಗದ ಕಚೇರಿಗೆ ಒಯ್ದಿದ್ದ. ತನ್ನ ಹೆಸರು ಹೇಳಬೇಡಿರೆಂದಿದ್ದ. ಆ ಜಮೀನ್ದಾರ ಸಾಯುವವರೆಗೆ ಯಾರೂ ಹೇಳಲಿಲ್ಲ. ಈಗ ಬಳೆಗಾರ ಮಾನ್ವಿಯಲ್ಲಿದ್ದಾನೆ, ಕಣ್ಣು ಮಂಜಾಗುತ್ತಿದೆ. ಓದುವಷ್ಟು ಕಣ್ಣಿರುವಾಗಲೇ ತನ್ನ ಹೆಸರನ್ನು ಅವನು ನೋಡಬೇಕು. ಅಯ್ಯಮ್ಮ ಬಂದದ್ದು ಅದಕ್ಕೇ.

ಒಬ್ಬರ ಮಾತಿನ ಮೇಲೆ ಚೀಟಿ ಬದಲಿಸಲಾಗದು ಎಂದು ಯಾಸ್ಮೀನ್ ಸಂಕೋಚದಿಂದಲೇ ಹೇಳಿದಳು.

"ನಡುಗಿತ್ತು ಅಂತ ನಿನಗ ಯಾರ ಹೇಳಿದ್ರು?" ಅಂದಳು ಅಯ್ಯಮ್ಮ. "ಬಳಿ ಬಿಗಿ ಇದ್ವು. ಸಾಬೂನು ನೀರು ಹಚ್ಚಿ ಏರಿಸಾಕತ್ತಿದ್ದ. ಹಸಿ ಕೈಲೇ ಒತ್ತೀವಿ."

ಯಾಸ್ಮೀನ್ ಭೂತಗನ್ನಡಿ ಹಿಡಿದು ಬಗ್ಗಿದಳು. ಕೈ ನಡುಗಿದ್ದರೆ ಗೆರೆಗಳು ಒಂದು ಬದಿಗೆ ಎಳೆದಂತಿರಬೇಕಿತ್ತು. ಇಲ್ಲಿ ಶಾಯಿ ಸುತ್ತಲೂ ಬೇರು ಬಿಟ್ಟಂತೆ ಹರಡಿತ್ತು. ಒದ್ದೆ ಬೆರಳಿನ ಗುರುತು. ಹನ್ನೊಂದರಲ್ಲೂ ಹಾಗೆಯೇ. ಹೆಂಗಸರೇ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು: ಬಳೆಗಾರ ಹಿಡಿಯುವುದು ಅವರ ಕೈಯನ್ನೇ. ನೂರು ಸಲ ನೋಡಿದ್ದಳು. ಭಯವನ್ನು ಮಾತ್ರ ತಾನಾಗಿ ಊಹಿಸಿಕೊಂಡಿದ್ದಳು.

ತಪ್ಪಾಯಿತು ಎಂದು ಹಳೆಯ ಚೀಟಿ ಕಿತ್ತಳು. ಮಹಮ್ಮದ್ ಹುಸೇನನ ಹೆಸರು ಹಾಕಿದ ಹೊಸದರ ಮೂರು ಸಾಲನ್ನು ಅಯ್ಯಮ್ಮನಿಗೆ ಓದಿ ಹೇಳಿಯೇ ಅಂಟಿಸಿದಳು.

ಮರುದಿನ ಬಸ್ಸಿನ ಸರದಿ ಮಾನ್ವಿಯದು; ಅಯ್ಯಮ್ಮ ಅದರಲ್ಲೇ ಹೋಗಿ ಬಳೆಗಾರನನ್ನು ಕರೆತಂದಳು. ಮಹಮ್ಮದ್ ಹುಸೇನ್ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ, ಅಕ್ಷರ ಅಕ್ಷರವಾಗಿ ಓದಿದ. ಆಮೇಲೆ ಯಾಸ್ಮೀನಳ ಕಡೆ ತಿರುಗಿದ.

"ನಂದು ಕೆಳಗ ಇರ್ಲಿ ಬೇಟಿ. ಹೆಬ್ಬಟ್ಟು ಕೊಟ್ಟವ್ರ ಹೆಸರು ಮೊದಲ ಹಾಕು."

ಅಯ್ಯಮ್ಮ ಹನ್ನೊಂದು ಹೆಸರನ್ನೂ ಹೇಳಿದಳು. ಯಾಸ್ಮೀನ್ ಒಂದನ್ನೂ ಬಿಡದೆ ಬರೆದುಕೊಂಡಳು. ಬರೆದು ಮುಗಿದ ಮೇಲೆ ಅಯ್ಯಮ್ಮ ಮುದುಕನ ಮುಂದೆ ಎಡಗೈ ಚಾಚಿದಳು.

"ಅವತ್ತಿನ ಬಳಿ ಒಡದು ಭಾಳ ದಿನ ಆತು, ಅಣ್ಣಾ."

ಅವನು ಆ ಕೈಯನ್ನು ಹಿಡಿದು, ಗೆಣ್ಣುಗಳನ್ನು ಒತ್ತಿ ಅಳತೆ ನೋಡಿದ. ಸಾಬೂನು ಬೇಕಾಗುತ್ತದೆ ಎಂದ.