ಅನೀಸನ ಗಂಟಲು

ಯಾರೋ ದೂರದಲ್ಲಿ ಅಕ್ಕಿ ಕೇರುತ್ತಿದ್ದಾರೆ ಅನ್ನಿಸಿತು ವೆಂಕಟರಾಯಪ್ಪನಿಗೆ, ಮೊರದಲ್ಲಿ ನುಚ್ಚು ಹಾರಿ ಬೀಳುವ ಸದ್ದು, ಸರ್ ಸರ್ — ಕೊರಕಲಿನ ತಿರುವು ದಾಟಿದ ಮೇಲೆ ನೋಡಿದರೆ ನೀರು, ಮೊದಲನೆಯ ಝರಿ, ಝರಿ ಎನ್ನುವುದಕ್ಕಿಂತ ಜರಿ ಎನ್ನಬೇಕು, ದೊಡ್ಡಬಳ್ಳಾಪುರದ ಮಗ್ಗದ ಸೀರೆಯಂಚಿನಷ್ಟೇ ಅಗಲ, ಬಿಸಿಲು ಬಿದ್ದಲ್ಲಿ ಮಿನುಗು, ನೆರಳಲ್ಲಿ ಬರೀ ನೂಲು, ಮುಂದಿರುವವನಿಗೆ ಇದನ್ನು ಹೇಳಿ ನಗಿಸಬೇಕು ಅಂದುಕೊಂಡ, ಹೇಳಲಿಲ್ಲ, ಯಾಕೆಂದರೆ ಅನೀಸ್ ಅಹಮದ್ ಬೆಳಗ್ಗೆಯಿಂದ ನಕ್ಕೇ ಇಲ್ಲ. ಬೆಟ್ಟ ಹತ್ತಲೆಂದು ಮಾಕಳಿ ಸ್ಟೇಷನ್ನಿನಲ್ಲಿ ಇಳಿದಾಗ, ದಂಡಿಗೆ ಸೇರೋದು ದಂಡ ಕಣೋ ಎಂದು ಹಳೇ ಅಭ್ಯಾಸದಲ್ಲಿ ಮಾತು ತಿರುಚಿದ್ದಕ್ಕೆ ಅವನು ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದು ನಡೆಯತೊಡಗಿದ, ಪೈಜಾಮವನ್ನು ಮೊಣಕಾಲಿನವರೆಗೆ ಸುತ್ತಿಕೊಂಡು, ಈಗಲೂ ಹಾಗೇ ಹೋಗುತ್ತಿದ್ದಾನೆ, ಬಂಡೆಯ ಮೇಲೆ ಹಸಿ ಹೆಜ್ಜೆಯ ಗುರುತು ಮೂಡಿ ಮೂಡಿ ಒಣಗುತ್ತಿದೆ, ನಾಳೆ ಈ ಕಾಲಿಗೆ ಸರ್ಕಾರದ ಬೂಟು, ನಾಳಿದ್ದು ಎಲ್ಲಿಗೋ, ಈಜಿಪ್ಟೋ ಬರ್ಮಾದ ಗಡಿಯೋ, ದಂಡಿನ ಗುಮಾಸ್ತನಿಗೆ ಎಲ್ಲಿಗೆಂದು ಯಾರು ಹೇಳುತ್ತಾರೆ, ಕಾಲೇಜಿನಲ್ಲಿ ಒಂದೇ ಬೆಂಚು, ಒಂದೇ ಲಾಜಿಕ್ ಪುಸ್ತಕ, ಇವನು ದಂಡಿಗೆ, ತಾನು ಊರಿನ ಮಿಡ್ಲ್ ಸ್ಕೂಲಿಗೆ ಮೇಷ್ಟ್ರು.

ನಗದಿರುವುದಕ್ಕೆ ಕಾರಣ ಆಮೇಲೆ ತಿಳಿಯಿತು, ಕಣಿವೆ ಇಣುಕುವ ಮೊದಲ ಬಂಡೆಯ ಮೇಲೆ ರೊಟ್ಟಿಯ ಗಂಟು ಬಿಚ್ಚುವಾಗ — ದಾದಿಮಾಗೆ ಹೇಳಿಲ್ಲ ಕಣೋ ಅಂದ ಅನೀಸ. ದಾದಿಮಾ ಎಂದರೆ ಅವನ ಅಜ್ಜಿ ಬಶೀರುನ್ನೀಸಾ, ಹೆತ್ತವರಿಲ್ಲದ ಅವನನ್ನೂ ಅವನಕ್ಕನನ್ನೂ ಸಾಕಿದವಳು, ಹಿಂದಿನ ಯುದ್ಧದಲ್ಲಿ ಆಕೆಯ ಕಿರಿಮಗ ಬಸ್ರಾಕ್ಕೆ ಹೋದವನು ತಿರುಗಿ ಬರಲಿಲ್ಲ, ದಂಡು ಎಂಬ ಮಾತೆತ್ತಿದರೆ ಈಗಲೂ ತಟ್ಟೆ ದೂರ ತಳ್ಳುತ್ತಾಳೆ, ಅಂಥವಳಿಗೆ ಮೊಮ್ಮಗ ಬೆಂಗಳೂರಲ್ಲಿ ಕೆಲಸ, ಶುಕ್ರವಾರ ಶುಕ್ರವಾರ ಬರ್ತೀನಿ ಎಂದುಬಿಟ್ಟಿದ್ದಾನೆ. ಶುಕ್ರವಾರ ನೀನು ಹೋಗು ರಾಯ, ಜಗುಲಿ ಮುಂದೆ ನಿಂತು ನನ್ನ ಗಂಟಲಲ್ಲಿ ಆಯಾ ದಾದಿಮಾ ಅನ್ನು, ಬಂದೆ ಅಜ್ಜಿ ಅಂತ, ಎರಡು ಮಾತಾಡಿ ಎದ್ದುಬಿಡು, ಪೊರೆ ಬಂದು ಆಕೆಗೆ ಕಣ್ಣು ಪೂರ್ತಿ ಹೋಯ್ತು, ಅಕ್ಕ ನೂರ್ಜಹಾನ್ ಒಪ್ಪಿದಾಳೆ. ಮತ್ತೆ ರೊಟ್ಟಿ ಮುರಿಯುತ್ತ, ಬೆಟ್ಟ ಇಳಿಯೋದ್ರೊಳಗೆ ಹೇಳು, ಆಗಲ್ಲ ಅಂದ್ರೆ ಇವತ್ತು ಸಂಜೆ ನಾನೇ ನಿಜ ಹೇಳ್ಬೇಕು, ಅದು ನನ್ನ ಕೈಲಾಗಲ್ಲ.

ಆಗುತ್ತದೆಯೋ ಆಗುವುದಿಲ್ಲವೋ, ತಪ್ಪು ಅಂತೂ ಹೌದು, ಆದರೆ ತಪ್ಪಿನ ಯೋಚನೆಗಿಂತ ಮೊದಲು ಗಂಟಲು ತುರಿಸತೊಡಗಿತ್ತಲ್ಲ, ಅದಕ್ಕೆ ಏನೆನ್ನಬೇಕು, ಇಂಥ ಪಾತ್ರ ಯಾವ ಕಾಲೇಜ್ ಡೇಯಲ್ಲಿ ಸಿಕ್ಕೀತು, ನೋಡುವವರೇ ಇಲ್ಲದ ನಾಟಕ. ಯಾರ ದನಿಯನ್ನಾದರೂ ಅನುಕರಿಸುವ ಗಂಟಲು ತನ್ನದು, ಲಾಜಿಕ್ ಮೇಷ್ಟ್ರು ಮೂಗಿನಿಂದ ಎಳೆಯುವ ದೇರ್‌ಫೋರ್ ಬರುತ್ತದೆ, ಸ್ಟೇಷನ್ ಮಾಸ್ತರ ಕೆಮ್ಮು ಬರುತ್ತದೆ, ಅವ್ವ ಅಮ್ಮಯಮ್ಮ ಎಮ್ಮೆಯನ್ನು ಬೈಯುವಾಗ ಒಳಗೊಳಗೇ ಅಪ್ಪನನ್ನು ಬೈಯುವ ರಾಗ ಬರುತ್ತದೆ, ತಾನು ಆ ರಾಗ ತೆಗೆದಾಗ ಅವ್ವನೇ ಎಂದುಕೊಂಡು ಅಪ್ಪ ಎದ್ದು ಕೊಟ್ಟಿಗೆಗೆ ಹೋಗಿದ್ದೂ ಉಂಟು, ಇವನೊಬ್ಬನದೇ ಬರದು, ಅನೀಸನ ದನಿಗೆ ಹಿಡಿಯೇ ಇಲ್ಲ, ಚೆಂಬಿಗೆ ಹಿಡಿ ಹುಡುಕಿದ ಹಾಗೆ. ಎರಡನೆಯ ಝರಿ ಬೇರೆ ಜಾತಿ, ಬೀಳುವುದಲ್ಲ, ಬೈಯುವುದು, ಕಿವಿಯ ಹತ್ತಿರ ಕೂಗಿದರೂ ಕೇಳದು, ಒಳ್ಳೆಯದೇ ಆಯಿತು, ಆ ಸದ್ದಿನ ಮರೆಯಲ್ಲಿ ಬಾಯಿಬಿಟ್ಟೇ ಅಭ್ಯಾಸ ಮಾಡಿದ, ಆಯಾ ದಾದಿಮಾ, ತೀರಾ ದಪ್ಪ, ಆಯಾ ದಾದಿಮಾ, ಇದು ಸಂತೆಯ ಸಾಬಿಯ ಅಣಕ, ಥೂ, ಅವನು ಹಾಗೆ ಮಾತಾಡಿದ್ದೇ ಇಲ್ಲ — ಮುಖಕ್ಕೆ ತುಂತುರು, ಕಾಲಡಿ ಪಾಚಿ, ಅನೀಸ ತಿರುಗಿ ಕೈ ನೀಡಿ ಏನೋ ಅಂದ, ಹುಷಾರು ಅಂದಿರಬೇಕು, ದನಿ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು, ಆಗ ಸಿಕ್ಕಿತು, ಮಾತಿಗೆ ಮೊದಲು ಅವನು ಚಿಕ್ಕದೊಂದು ಉಸಿರು ಒಳಗೆಳೆದುಕೊಳ್ಳುತ್ತಾನೆ, ಕೊನೆಯ ಅಕ್ಷರವನ್ನು ತುಂಬಿದ ಕೊಡದ ಹಾಗೆ ಮೆಲ್ಲಗೆ ಇಳಿಸುತ್ತಾನೆ, ಇಷ್ಟು ವರ್ಷ ಕಿವಿಯಿಂದ ಹುಡುಕಿದ್ದು ಕಣ್ಣಿಗೆ ಬಿತ್ತು.

ಮೇಲಿನ ಬಂಡೆಯ ಹೊತ್ತಿಗೆ ಬಿಸಿಲು ಹಳದಿಗೆ ತಿರುಗಿತ್ತು, ಕೆಳಗೆ ಕೆರೆ, ರೈಲುಕಂಬಿ, ಆಚೆ ಊರಿನ ಹೊಗೆ, ಅಂಚಿನಲ್ಲಿ ಅನೀಸ ಬೆನ್ನು ಮಾಡಿ ನಿಂತು ಊರನ್ನೇ ನೋಡುತ್ತಿದ್ದಾನೆ, ಝರಿಯ ಸದ್ದು ಅಡಿಯಲ್ಲೆಲ್ಲೋ ಉಳಿಯಿತು, ಈಗಲೇ, ಚಿಕ್ಕ ಉಸಿರು ಒಳಗೆ, ಆಯಾ ದಾದಿಮಾ — ಬಂತು, ಒಂದು ಕೂದಲೆಳೆ ಆಚೀಚೆಯಿಲ್ಲ, ತನ್ನ ಬಾಯಿಂದ ಅವನೇ ಬಂದ, ವೆಂಕಟರಾಯಪ್ಪನ ತೋಳು ಜುಮ್ಮೆಂದಿತು, ಶಭಾಸ್ ಅನ್ನುತ್ತಾನೆ, ತಿರುಗಿ ಅಪ್ಪಿಕೊಳ್ಳುತ್ತಾನೆ ಅಂದುಕೊಂಡರೆ ಅವನು ತಿರುಗಲಿಲ್ಲ, ತಲೆ ಬಗ್ಗಿಸಿದ. ನಿಂತಲ್ಲೇ, ಯಾರೂ ಇಲ್ಲದ ಗಾಳಿಗೆ, ಕತ್ತು ಮುಂದೆ ಮಾಡಿ ಮುಖವನ್ನು ಒಪ್ಪಿಸುವ ಹಾಗೆ ಬಗ್ಗಿಸಿದ, ತನಗೇ ಗೊತ್ತಿಲ್ಲದೆ, ಆ ಮಾತಾದ ಮೇಲೆ ಅವನ ಮೈ ಮಾಡುವುದೇ ಅದು, ಜಗುಲಿಯಲ್ಲಿ ಕೂತ ದಾದಿಮಾ ಎರಡೂ ಕೈ ಎತ್ತುತ್ತಾಳೆ, ಮೊಮ್ಮಗನ ಕೆನ್ನೆಗಳನ್ನು ಮೇಲಿಂದ ಕೆಳಗೆ ಸವರಿ, ಆ ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ಲಟಲಟ ನೆಟಿಕೆ ಮುರಿಯುತ್ತಾಳೆ, ಅವನ ಕೇಡೆಲ್ಲ ತನಗಿರಲಿ ಎಂದು, ಅದಾಗದೆ ಯಾರನ್ನೂ ಒಳಗೆ ಬಿಟ್ಟವಳಲ್ಲ. ಅನೀಸನ ಕೆನ್ನೆ ತುಂಬ ಸಿಡುಬಿನ ಕುಳಿ, ಮಗುವಾಗಿದ್ದಾಗ ಬಂದದ್ದು, ಆ ಬೆರಳುಗಳಿಗೆ ಒಂದೊಂದು ಕುಳಿಯೂ ಗೊತ್ತು, ವೆಂಕಟರಾಯಪ್ಪನ ಕೈ ತನ್ನ ಕೆನ್ನೆಗೆ ಹೋಯಿತು, ನುಣ್ಣಗೆ, ನಾಚಿಕೆಯಾಗುವಷ್ಟು ನುಣ್ಣಗೆ.

ಅನೀಸನೂ ತನ್ನ ಕೆನ್ನೆ ಮುಟ್ಟಿಕೊಂಡಿದ್ದ. ಲೇ, ದಾದಿಮಾ ಕೈ ಮರ್ತೇಹೋಗಿತ್ತು ಕಣೋ ಅಂದ. ಇಬ್ಬರೂ ಬಿ.ಎ., ಗಂಟಲಿನ ಲೆಕ್ಕವೆಲ್ಲ ಹಾಕಿದರು, ಕಣ್ಣಿಲ್ಲದವಳು ಎಲ್ಲಿಂದ ನೋಡುತ್ತಾಳೆಂದು ಕೇಳಿಕೊಳ್ಳಲಿಲ್ಲ, ನಗಬಹುದಿತ್ತು, ನಗು ಗಂಟಲವರೆಗೆ ಬಂದು ಯಾರ ದನಿಯಲ್ಲಿ ಹೊರಡಬೇಕೆಂದು ತಿಳಿಯದೆ ನಿಂತಿತು. ನೀನೇ ಹೇಳು ಅನೀಸ, ಅಂದ, ಶುಕ್ರವಾರ ನಾನು ಹೋಗ್ತೀನಿ, ರಾಯ ಅಂತಲೇ ಹೋಗ್ತೀನಿ. ಬೈದ್ರೆ? ಬೈಸ್ಕೊತೀನಿ. ತಟ್ಟೆ ತಳ್ಳಿದ್ರೆ? ವೆಂಕಟರಾಯಪ್ಪ ರೊಟ್ಟಿಯ ಗಂಟು ಎತ್ತಿಕೊಂಡ, ಇಳಿಯತೊಡಗಿದರು, ಅನೀಸ ಮುಂದೆ, ಹೊಸದೇನೋ ಬಾಯಿಪಾಠ ಮಾಡುವವನ ಹಾಗೆ ತುಟಿ ಅಲ್ಲಾಡಿಸುತ್ತ, ಕೆಳಗೆ ಊರಿಗೆ ಹೋಗುವ ಗಾಡಿಯ ಹೊಗೆ ಕಾಣಿಸುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಜಗುಲಿ, ಇವನು ಆಯಾ ಅನ್ನುತ್ತಾನೆ, ತಲೆ ಬಗ್ಗಿಸುತ್ತಾನೆ, ಬಗ್ಗಿಸಿದವನು ನಾಳೆ ಎಂದು ಶುರು ಮಾಡುತ್ತಾನೆ, ದಂಡು ಅನ್ನುತ್ತಾನೆ, ಅಷ್ಟರಲ್ಲಿ ಕೈಗಳು ಮೇಲೆದ್ದಿರುತ್ತವೆ, ಸುಕ್ಕಿನ, ಎಲೆಯಡಿಕೆಯ ವಾಸನೆಯ ಎರಡು ಕೈ, ಕೆನ್ನೆಗೆ ಇನ್ನೊಂದು ಗೇಣಿರುವಾಗ, ಗಾಳಿಯಲ್ಲಿ, ಎರಡು ಕೈ, ಹಾಗೇ, ಮುಟ್ಟದೆ —